ನೀರಿಗೆ ಅಂಜುವ ಹೊನ್ನಿನ ಕೋಟೆ

ನೀರಿಲ್ಲದೆ ಹಾಳಾದ ಊರುಗಳ ಕಥೆ ಎಲ್ಲರಿಗೂ ಗೊತ್ತು. ಆದರೆ ನೀರು ಹೆಚ್ಚಾಗಿ ಅಪಾಯಕ್ಕೆ ಸಿಕ್ಕಿರುವ ಊರೊಂದಿದೆ. ಅದೂ ಎಲ್ಲಿ? ನಟ್ಟನಡು ಮರುಭೂಮಿಯಲ್ಲಿ!

ಜೋಧಪುರದಿಂದ ರಾತ್ರಿ ಹೊರಟ ರೈಲು ಬೆಳಗಿನ ಹೊತ್ತಿಗೆ ಥಾರ್ ಮರುಭೂಮಿಯ ಒಳಕ್ಕೆ ಬಂದಿರುತ್ತದೆ. ಕಿಟಕಿಯಾಚೆ ಕುರುಚಲು ಗಿಡ, ಕಲ್ಲು ಹರಳಿನ ಬಯಲು, ಅಲ್ಲೊಂದು ಇಲ್ಲೊಂದು ಒಂಟೆ. ಕಣ್ಣು ಹಾಯಿಸಿದಷ್ಟು ದೂರವೂ ಇದೇ ನೋಟ. ಅಷ್ಟರಲ್ಲಿ ದಿಗಂತದಲ್ಲಿ ಒಂದು ಗುಡ್ಡ, ಗುಡ್ಡದ ಮೇಲೊಂದು ಕೋಟೆ ಮೂಡುತ್ತದೆ. ಎಳೆಬಿಸಿಲು ಬಿದ್ದೊಡನೆ ಆ ಕೋಟೆಯ ಹಳದಿ ಕಲ್ಲುಗಳು ಬಂಗಾರದಂತೆ ಹೊಳೆಯತೊಡಗುತ್ತವೆ. ಇದೇ ಜೈಸಲ್ಮೇರ್. ಅಲ್ಲಿಯ ಜನ ಈ ಕೋಟೆಯನ್ನು ಕರೆಯುವುದು 'ಸೋನಾರ್ ಕಿಲಾ', ಅಂದರೆ ಹೊನ್ನಿನ ಕೋಟೆ ಎಂದು. ಸತ್ಯಜಿತ್ ರಾಯ್ ತಮ್ಮ ಪತ್ತೇದಾರಿ ಕಾದಂಬರಿಗೂ, 1974ರಲ್ಲಿ ತೆರೆಕಂಡ ಅದೇ ಕಥೆಯ ಚಲನಚಿತ್ರಕ್ಕೂ ಇದೇ ಹೆಸರನ್ನಿಟ್ಟರು.

ಮಳೆಗೇಕೆ ಮುನಿಸು?

ಜೈಸಲ್ಮೇರಿನಲ್ಲಿ ವರ್ಷವಿಡೀ ಸುರಿಯುವ ಮಳೆ ಸರಾಸರಿ 200 ಮಿಲಿಮೀಟರಿಗೂ ಕಡಿಮೆ. ನಮ್ಮ ಆಗುಂಬೆಯಲ್ಲಿ ವರ್ಷದ ಮಳೆ 7,000 ಮಿ.ಮೀ. ದಾಟುತ್ತದೆ. ವಿಚಿತ್ರವೆಂದರೆ ಎರಡೂ ಕಡೆ ಬೀಸುವುದು ಅದೇ ನೈಋತ್ಯ ಮಾರುತ. ಅರಬ್ಬೀ ಸಮುದ್ರವೂ ರಾಜಸ್ಥಾನಕ್ಕೆ ಬಹಳ ದೂರವೇನಲ್ಲ. ಹಾಗಿದ್ದೂ ಈ ಅಂತರವೇಕೆ?

ಭೂಪಟವನ್ನು ಬಿಡಿಸಿ ನೋಡಿದರೆ ಉತ್ತರ ಸಿಗುತ್ತದೆ. ಪಶ್ಚಿಮ ಘಟ್ಟಗಳು ಮಾರುತಕ್ಕೆ ಅಡ್ಡವಾಗಿ ಗೋಡೆಯಂತೆ ನಿಂತಿವೆ. ತೇವ ತುಂಬಿದ ಗಾಳಿ ಆ ಗೋಡೆಯನ್ನು ಏರಲೇಬೇಕು. ಏರಿದಂತೆ ತಂಪಾಗಿ ಆವಿಯೆಲ್ಲ ಮಳೆಯಾಗಿ ಇಳಿಯುತ್ತದೆ. ಅರಾವಳಿ ಬೆಟ್ಟಸಾಲು ಹಾಗಲ್ಲ. ಅದು ನೈಋತ್ಯದಿಂದ ಈಶಾನ್ಯಕ್ಕೆ, ಅಂದರೆ ಗಾಳಿ ಬೀಸುವ ದಿಕ್ಕಿಗೇ ಚಾಚಿಕೊಂಡಿದೆ. ಗಾಳಿ ಬೆಟ್ಟವನ್ನು ಏರದೆ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಬಂಗಾಳ ಕೊಲ್ಲಿಯಿಂದ ಬರುವ ಇನ್ನೊಂದು ಕವಲು ಗಂಗಾ ಬಯಲನ್ನೆಲ್ಲ ತೋಯಿಸಿ ಇಲ್ಲಿಗೆ ತಲುಪುವಷ್ಟರಲ್ಲಿ ಬರಿಗೈಯಾಗಿರುತ್ತದೆ. ಸಾಲದೆಂಬಂತೆ ಮೇಲಿನ ವಾಯುಪದರದಲ್ಲಿ ಪಶ್ಚಿಮದಿಂದ ಬಂದ ಒಣ ಬಿಸಿಗಾಳಿ ಪಾತ್ರೆಯ ಮುಚ್ಚಳದಂತೆ ಕೂತಿರುತ್ತದೆ. ಕೆಳಗಿನ ಗಾಳಿಯಲ್ಲಿ ತುಸು ತೇವವಿದ್ದರೂ ಅದು ಮೇಲೇರಿ ಮೋಡವಾಗಲು ಆ ಮುಚ್ಚಳ ಬಿಡುವುದಿಲ್ಲ.

ಮೋಡವಿಲ್ಲದ ಆಕಾಶ, ಬೇಗ ಕಾದು ಬೇಗ ಆರುವ ಮರಳು. ಹೀಗಾಗಿ ಬೇಸಿಗೆಯ ಹಗಲು ಉಷ್ಣತೆ 45 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಚಳಿಗಾಲದ ರಾತ್ರಿ ಹಲ್ಲು ಕಟಕಟಿಸುವಷ್ಟು ಚಳಿ. ಆದರೆ ಮರುಭೂಮಿಯೆಂದರೆ ಬರೀ ಮರಳಿನ ದಿಬ್ಬವೆಂದು ತಿಳಿಯಬಾರದು. ಜೈಸಲ್ಮೇರಿನ ಸುತ್ತ ಹೆಚ್ಚಿನ ಭಾಗ ಕಲ್ಲುನೆಲವೇ. ಸಿನಿಮಾಗಳಲ್ಲಿ ಕಾಣುವ ಮರಳಿನ ಅಲೆಗಳನ್ನು ನೋಡಲು ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ದೂರದ ಸಮ್ ಎಂಬಲ್ಲಿಗೆ ಹೋಗಬೇಕು.

ಒಂದಾನೊಂದು ಕಾಲದಲ್ಲಿ ಕಡಲು

ಇಂದು ಹನಿ ನೀರಿಗೆ ಬಾಯ್ಬಿಡುವ ಈ ನೆಲದಲ್ಲಿ ಹಿಂದೊಮ್ಮೆ ಸಮುದ್ರವಿತ್ತು, ಅದರ ದಡದಲ್ಲಿ ಕಾಡಿತ್ತು ಎಂದರೆ ನಂಬುವುದು ಕಷ್ಟ. ಸಾಕ್ಷಿ ಮಾತ್ರ ಕಣ್ಣೆದುರೇ ಇದೆ. ಜೈಸಲ್ಮೇರಿನಿಂದ ಬಾಡ್‌ಮೇರ್ ರಸ್ತೆಯಲ್ಲಿ ಸುಮಾರು 17 ಕಿ.ಮೀ. ಹೋದರೆ ಆಕಲ್ ಎಂಬ ಜಾಗ ಸಿಗುತ್ತದೆ. ಅಲ್ಲಿ ಬಯಲಿನಲ್ಲಿ ಮರದ ದಿಮ್ಮಿಗಳು ಬಿದ್ದಿವೆ. ಮುಟ್ಟಿ ನೋಡಿದರೆ ಕಲ್ಲು! ಸುಮಾರು 18 ಕೋಟಿ ವರ್ಷಗಳ ಹಿಂದಿನ ಮರಗಳು ಹೂಳಿನಡಿ ಸಿಕ್ಕಿ, ಅವುಗಳ ಒಡಲೊಳಗೆ ಖನಿಜಗಳು ಸೇರಿ ಶಿಲೆಯಾಗಿವೆ. ಅಷ್ಟು ದೊಡ್ಡ ಮರಗಳು ಬೆಳೆಯಬೇಕಾದರೆ ಆಗ ಇಲ್ಲಿ ಯಥೇಚ್ಛ ಮಳೆ ಸುರಿಯುತ್ತಿದ್ದಿರಲೇಬೇಕು.

2023ರಲ್ಲಿ ಇನ್ನೊಂದು ಸೋಜಿಗದ ಸುದ್ದಿ ಹೊರಬಿತ್ತು. ರೂರ್ಕಿಯ ಐ.ಐ.ಟಿ. ಹಾಗೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಜೈಸಲ್ಮೇರ್ ಪ್ರದೇಶದಲ್ಲಿ ದೊರೆತ ಡೈನೋಸಾರ್ ಮೂಳೆಗಳಿಗೆ 'ಥಾರೋಸಾರಸ್ ಇಂಡಿಕಸ್' ಎಂದು ಹೆಸರಿಟ್ಟರು. ಉದ್ದ ಕತ್ತಿನ ಈ ಸಸ್ಯಾಹಾರಿ 16 ಕೋಟಿ 70 ಲಕ್ಷ ವರ್ಷಗಳ ಹಿಂದಿನದು. ಕೋಟೆ ಕಟ್ಟಿದ ಹಳದಿ ಕಲ್ಲೂ ಹಳೆಯ ಕಡಲು ಬಿಟ್ಟುಹೋದ ಆಸ್ತಿಯೇ.

ಕೋಟೆಯೊಳಗೊಂದು ಊರು

ಭಾಟಿ ರಜಪೂತ ವಂಶದ ರಾವಲ್ ಜೈಸಲ್ 1156ರಲ್ಲಿ ತನ್ನ ರಾಜಧಾನಿಯನ್ನು ಲೋದ್ರವಾದಿಂದ ಇಲ್ಲಿಗೆ ತಂದನು. ಸುತ್ತಲಿನ ಬಯಲಿನಿಂದ ಸುಮಾರು 250 ಅಡಿ ಎತ್ತರದ ತ್ರಿಕೂಟ ಬೆಟ್ಟ ಆತನಿಗೆ ಹಿಡಿಸಿತು. ಕೋಟೆಗೆ ಇರುವ ಬುರುಜುಗಳು 99. ದೇಶದ ಬಹುತೇಕ ಕೋಟೆಗಳಲ್ಲಿ ಇಂದು ಬಾವಲಿಗಳ ವಾಸ. ಇಲ್ಲಿ ಇಂದಿಗೂ ಸಾವಿರಾರು ಜನ ಸಂಸಾರ ಹೂಡಿದ್ದಾರೆ. ರಾಜರ ಕಾಲದಿಂದ ಅಲ್ಲೇ ನೆಲೆಸಿದ ಕುಟುಂಬಗಳು, ಕಿರಾಣಿ ಅಂಗಡಿ, ದೇವಸ್ಥಾನ, ಓಣಿಯಲ್ಲಿ ಮಲಗಿದ ಹಸು ಎಲ್ಲವೂ ಕೋಟೆಯೊಳಗೇ.

ಇಲ್ಲಿಯ ಮನೆಗಳನ್ನು ವಿಜ್ಞಾನದ ವಿದ್ಯಾರ್ಥಿಗಳು ನೋಡಬೇಕು. ಓಣಿಗಳು ಎಷ್ಟು ಇಕ್ಕಟ್ಟೆಂದರೆ ನಡುಮಧ್ಯಾಹ್ನ ಬಿಟ್ಟರೆ ಬಿಸಿಲು ನೆಲಕ್ಕೆ ಇಳಿಯುವುದೇ ಕಡಿಮೆ. ಗೋಡೆಗಳು ದಪ್ಪ. ಮಾಳಿಗೆಗೆ ಮರದ ತೊಲೆ, ತೊಲೆಯ ಮೇಲೆ ಜೊಂಡು, ಅದರ ಮೇಲೆ ದಪ್ಪನಾಗಿ ಮಣ್ಣು. ನಮ್ಮ ಬಯಲುಸೀಮೆಯ ಮಾಳಿಗೆ ಮನೆಗಳನ್ನು ಕಂಡವರಿಗೆ ಇದು ಹೊಸದಲ್ಲ. ಹಗಲಿನ ಕಾವು ಆ ಮಣ್ಣನ್ನು ದಾಟಿ ಒಳಗಿಳಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ಕಿಟಕಿಗಳಿಗೆ ಕಲ್ಲಿನಲ್ಲಿ ಕೊರೆದ ಜಾಲಂಧ್ರ. ಬಿಸಿಲನ್ನು ತಡೆದು ಗಾಳಿಯನ್ನು ಮಾತ್ರ ಬಿಡುವುದು ಅದರ ಕೆಲಸ. ಗುಮಾನ್ ಚಂದ್ ಪಟವಾ ಎಂಬ ವರ್ತಕ 1805ರ ಸುಮಾರಿಗೆ ಕಟ್ಟಿಸಲು ತೊಡಗಿದ ಐದು ಹವೇಲಿಗಳ ಸಾಲಿನಲ್ಲಿ ಈ ಕುಸುರಿ ಕೆಲಸವನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯದು.

ಕೋಟೆಯ ಜೈನ ಬಸದಿಗಳ ನೆಲಮಾಳಿಗೆಯಲ್ಲಿ ಪ್ರಸಿದ್ಧ ಜ್ಞಾನಭಂಡಾರವಿದೆ. ನಮ್ಮ ಮೂಡಬಿದಿರೆ ಧವಲಾ ಗ್ರಂಥಗಳನ್ನು ಕಾಪಾಡಿದಂತೆ, ಈ ಮರುಭೂಮಿಯ ಒಣಹವೆ ನೂರಾರು ವರ್ಷಗಳ ತಾಳೆಗರಿಗಳನ್ನು ಕಾಪಾಡಿತು. ಕನ್ನಡಿಗರು ನೆನೆಯಬೇಕಾದ ಸಂಗತಿಯೊಂದು ಇಲ್ಲಿದೆ. ಉದ್ಯೋತನ ಸೂರಿ ಎಂಬ ಜೈನ ಮುನಿ ಕ್ರಿ.ಶ. 779ರಲ್ಲಿ ಜಾಲೋರಿನಲ್ಲಿ ಬರೆದ 'ಕುವಲಯಮಾಲಾ' ಎಂಬ ಪ್ರಾಕೃತ ಗ್ರಂಥದ ತಾಳೆಗರಿ ಪ್ರತಿ ದೊರೆತದ್ದು ಜೈಸಲ್ಮೇರಿನಲ್ಲಿ. ನಾನಾ ದೇಶಗಳ ವರ್ತಕರು ಸಂತೆಯಲ್ಲಿ ತಂತಮ್ಮ ಭಾಷೆಯಾಡುವ ಚಿತ್ರ ಅದರಲ್ಲಿದೆ. ಅವರಲ್ಲಿ ಕರ್ಣಾಟಕದವರೂ ಇದ್ದಾರೆ. ಆ ಗ್ರಂಥವನ್ನು ಸಂಪಾದಿಸಿ ಬೆಳಕಿಗೆ ತಂದವರು ಬೆಳಗಾವಿ ಜಿಲ್ಲೆಯ ಸದಲಗಾದ ವಿದ್ವಾಂಸ ಡಾ. ಆ.ನೇ. ಉಪಾಧ್ಯೆ.

ಮೂರು ಬಗೆಯ ನೀರು

ಇಷ್ಟು ಕಡಿಮೆ ಮಳೆಯಲ್ಲಿ ಇಷ್ಟು ದೊಡ್ಡ ಊರು ಬಾಳಿದ್ದು ಹೇಗೆ? ನೀರನ್ನು ಬಲ್ಲವರಾಗಿದ್ದರಿಂದ. ಈ ಜನ ನೀರಿಗೆ ಮೂರು ಹೆಸರಿಟ್ಟಿದ್ದಾರೆ. ಮಳೆಯಿಂದ ನೇರವಾಗಿ ಬಂದು ಕೆರೆಯಲ್ಲಿ ನಿಲ್ಲುವುದು 'ಪಾಲರ್ ಪಾನಿ'. ಆಳದ ಬಾವಿಯಲ್ಲಿ ಸಿಗುವುದು 'ಪಾತಾಳ್ ಪಾನಿ'. ಇದು ಬಹುಮಟ್ಟಿಗೆ ಉಪ್ಪು. ಇವೆರಡರ ನಡುವಿನದು 'ರೇಜಾಣಿ ಪಾನಿ'. ಕೆಲವೆಡೆ ಮರಳಿನ ಅಡಿಯಲ್ಲಿ ಜಿಪ್ಸಮ್ಮಿನ ಗಟ್ಟಿ ಪದರವಿರುತ್ತದೆ. ಮಳೆನೀರು ಮರಳಿನಲ್ಲಿ ಇಂಗಿದರೂ ಈ ಪದರವನ್ನು ದಾಟಿ ಉಪ್ಪುನೀರನ್ನು ಸೇರಲಾರದು. ಮರಳಿನಲ್ಲಿ ತೇವವಾಗಿಯೇ ಉಳಿಯುತ್ತದೆ. ಕರಿಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ, ಆ ಬಿರುಕಿನಿಂದ ತೇವ ಆರಿಹೋಗುತ್ತದೆ. ಮರಳು ಬಿರಿಯುವುದಿಲ್ಲ. ಮೇಲಿನ ಒಣಮರಳೇ ಒಳಗಿನ ತೇವಕ್ಕೆ ಹೊದಿಕೆ.

ಈ ತೇವವನ್ನು ಹನಿಹನಿಯಾಗಿ ಇಳಿಸಿಕೊಳ್ಳಲು ತೋಡುವ ಕಿರಿದಾದ ಬಾವಿಗೆ 'ಕೂಂಯಿ' ಎಂದು ಹೆಸರು. ಒಬ್ಬ ಮನುಷ್ಯ ಕುಳಿತು ಅಗೆಯಲು ಎಷ್ಟು ಬೇಕೋ ಅಷ್ಟೇ ಅಗಲ. ಬಾಯಿ ಅಗಲವಾದರೆ ಒಸರಿದ ನೀರು ತೆಳ್ಳಗೆ ಹರಡಿ ಆವಿಯಾಗಿಬಿಡುತ್ತದೆ. ಅಗೆಯುವವನು ಮೇಲಿನಿಂದ ಕಲ್ಲು ಬಿದ್ದೀತೆಂದು ತಲೆಗೆ ಲೋಹದ ಪಾತ್ರೆ ಕವುಚಿಕೊಳ್ಳುತ್ತಾನೆ. ಒಳಗೆ ಉಸಿರು ಕಟ್ಟುವಂಥ ಸೆಕೆ. ಮೇಲೆ ನಿಂತವರು ಆಗಾಗ ಹಿಡಿಹಿಡಿ ಮರಳನ್ನು ರಭಸದಿಂದ ಒಳಗೆ ಎಸೆಯುತ್ತಾರೆ. ಅದರೊಂದಿಗೆ ತಂಪುಗಾಳಿ ಕೆಳಗಿಳಿದು ಬಿಸಿಗಾಳಿ ಮೇಲೆ ಬರುತ್ತದೆ! ಇಷ್ಟೆಲ್ಲ ಪಾಡುಪಟ್ಟರೂ ಹಗಲು ರಾತ್ರಿ ಸೇರಿ ಸಿಗುವುದು ಎರಡು ಮೂರು ಕೊಡ ಸಿಹಿನೀರು. ಪರಿಸರ ಲೇಖಕ ಅನುಪಮ್ ಮಿಶ್ರ (1948–2016) ಈ ಜಲಜ್ಞಾನವನ್ನು ಊರೂರು ಅಲೆದು ದಾಖಲಿಸಿದರು.

ಬೇಸಾಯಕ್ಕೆ 'ಖಡೀನ್' ಎಂಬ ಉಪಾಯವಿದೆ. ಕಲ್ಲುಗುಡ್ಡದ ಮೇಲೆ ಬಿದ್ದ ಮಳೆಯನ್ನು ತಗ್ಗಿನ ಹೊಲಕ್ಕೆ ಹರಿಸಿ, ಕೆಳಬದಿಯಲ್ಲಿ ಉದ್ದನೆಯ ಮಣ್ಣಿನ ಏರಿ ಹಾಕಿ ನಿಲ್ಲಿಸುತ್ತಾರೆ. ನೀರು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ಈ ವಿದ್ಯೆಯಲ್ಲಿ ಪಳಗಿದವರು ಪಾಲೀವಾಲ ಬ್ರಾಹ್ಮಣರು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಅವರು ತಮ್ಮ ಹಳ್ಳಿಗಳನ್ನು ತೊರೆದುಹೋದರು. ದಿವಾನನೊಬ್ಬನ ಕಿರುಕುಳ ತಾಳದೆ ಒಂದೇ ರಾತ್ರಿಯಲ್ಲಿ ಊರು ಬಿಟ್ಟರೆಂಬುದು ಜನಜನಿತ ಕಥೆ. ಬಾವಿಗಳು ಬತ್ತಿದ್ದು, ತೆರಿಗೆಯ ಭಾರ, ಭೂಕಂಪ ಎಂದು ಸಂಶೋಧಕರು ಬೇರೆ ಬೇರೆ ಕಾರಣ ಹುಡುಕುತ್ತಾರೆ. ಅವರ ಕುಲಧರಾ ಗ್ರಾಮ ಇಂದಿಗೂ ಮಾಡಿಲ್ಲದ ಗೋಡೆಗಳ ಸಾಲಾಗಿ ನಿಂತಿದೆ.

ಊರಿನ ಕುಡಿಯುವ ನೀರಿಗೆ ಹದಿನಾಲ್ಕನೆಯ ಶತಮಾನದ ಗಡೀಸರ್ ಕೆರೆಯಿತ್ತು. ಬಾವಿ, ಕೆರೆಗಳಿಂದ ಹೊತ್ತು ತಂದ ಕೊಡವನ್ನು ಕೋಟೆಯ ಏರುದಾರಿಯಲ್ಲಿ ಮೇಲೆ ಸಾಗಿಸಬೇಕು. ಹೀಗೆ ತಲೆಯ ಮೇಲೆ ಬಂದ ನೀರನ್ನು ಯಾರು ತಾನೇ ಚೆಲ್ಲಿಯಾರು? ಮಿಂದ ನೀರು ಗಿಡಕ್ಕೋ ದನಕ್ಕೋ ಸಲ್ಲುತ್ತಿತ್ತು. ಈ ಮಾತನ್ನು ನೆನಪಿನಲ್ಲಿಡಿ; ಮುಂದೆ ಇದು ಬೇಕಾಗುತ್ತದೆ.

ತಟ್ಟೆಯಲ್ಲಿ ಮರುಭೂಮಿ

ನೆಲ ಹೇಗೋ ಊಟ ಹಾಗೆ. ಹಸಿ ತರಕಾರಿ ಅಪರೂಪವಾದ ನಾಡಿನಲ್ಲಿ ಒಣಗಿಸಿಟ್ಟದ್ದೇ ಆಧಾರ. ಜೈಸಲ್ಮೇರಿನ ಊಟಕ್ಕೆ ಕಳೆಕಟ್ಟುವುದು 'ಕೇರ್ ಸಾಂಗ್ರಿ' ಪಲ್ಯ. ಕೇರ್ ಎಂಬುದು ಎಲೆಯೇ ಇಲ್ಲದಂತೆ ಕಾಣುವ ಮುಳ್ಳುಪೊದೆಯ ಪುಟ್ಟ ಕಾಯಿ. ಅದರ ಕಹಿ ಹೋಗಲು ಉಪ್ಪುನೀರಿನಲ್ಲೋ ಮಜ್ಜಿಗೆಯಲ್ಲೋ ಕೆಲದಿನ ನೆನೆಹಾಕುತ್ತಾರೆ. ಸಾಂಗ್ರಿ ಎಂದರೆ ಖೇಜಡಿ ಮರದ ಎಳೆಕಾಯಿ. ಬೇಸಿಗೆಯಲ್ಲಿ ಕೊಯ್ದು ಬೇಯಿಸಿ ಒಣಗಿಸಿಟ್ಟರೆ ವರ್ಷವಿಡೀ ಕೆಡದು.

ಖೇಜಡಿ ಎಂದರೆ ಬೇರಾವುದೂ ಅಲ್ಲ, ವಿಜಯದಶಮಿಯಂದು ನಾವು ಪೂಜಿಸಿ 'ಬಂಗಾರದ ಹಾಗೆ ಇರೋಣ' ಎಂದು ಎಲೆ ಹಂಚುವ ಬನ್ನಿ ಮರವೇ! ನಮಗೆ ವರ್ಷಕ್ಕೊಂದು ದಿನದ ಬಂಗಾರವಾದ ಈ ಮರ ಅಲ್ಲಿಯವರಿಗೆ ದಿನನಿತ್ಯದ ಬಂಗಾರ. ಬೇರು ಬಹು ಆಳಕ್ಕೆ ಇಳಿಯುವುದರಿಂದ ಕಡುಬೇಸಿಗೆಯಲ್ಲೂ ಚಿಗುರುತ್ತದೆ. ಸೊಪ್ಪು ಆಡು ಒಂಟೆಗಳಿಗೆ ಮೇವು, ಕಾಯಿ ಮನುಷ್ಯರಿಗೆ, ನೆರಳು ಎಲ್ಲರಿಗೆ. ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವುದರಿಂದ ಅದರ ಬುಡದ ಬೆಳೆಗೂ ಲಾಭ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಈ ಮರಗಳನ್ನು ಅಪ್ಪಿಕೊಂಡು 363 ಬಿಷ್ಣೋಯಿಗಳು ಪ್ರಾಣ ಬಿಟ್ಟರು.

ಪಲ್ಯಕ್ಕೆ ಜೊತೆ ಬಾಜ್ರಾ ರೊಟ್ಟಿ, ಅಂದರೆ ನಮ್ಮ ಉತ್ತರ ಕರ್ನಾಟಕದ ಸಜ್ಜೆ ರೊಟ್ಟಿ. ಸಜ್ಜೆ ಕಡಿಮೆ ನೀರಿನಲ್ಲಿ, ಬಿಸಿಲಿನಲ್ಲೇ ಬೆಳೆಯುವ ಧಾನ್ಯ. ಸಜ್ಜೆಹಿಟ್ಟು, ಮಜ್ಜಿಗೆ ಕಲಸಿ ಕಾಯಿಸಿದ 'ರಾಬ್' ಕುಡಿದರೆ ನಮ್ಮ ಅಂಬಲಿ ನೆನಪಾಗುತ್ತದೆ. ತರಕಾರಿಯಿಲ್ಲದ ದಿನ ಕಡಲೆಹಿಟ್ಟಿನ ಸುರುಳಿ ಬೇಯಿಸಿ ಹೆಚ್ಚಿ ಮೊಸರಿನ ಸಾರಿಗೆ ಹಾಕಿದರೆ 'ಗಟ್ಟೆ'. ಕೆಂಡದಲ್ಲಿ ಸುಟ್ಟ ಗೋಧಿಯ ಉಂಡೆ 'ಬಾಟಿ'ಯನ್ನು ತುಪ್ಪದಲ್ಲಿ ಅದ್ದಿ ತೊವ್ವೆಯೊಂದಿಗೆ ಉಣ್ಣುತ್ತಾರೆ. ಅಡುಗೆಯಲ್ಲಿ ಹಾಲು, ಮಜ್ಜಿಗೆ, ತುಪ್ಪ ಧಾರಾಳ, ನೀರು ಮಿತ. ಬೆಳೆಗಿಂತ ದನಕರುಗಳನ್ನೇ ಹೆಚ್ಚು ನಂಬಿದ ನಾಡಿಗೆ ಇದು ಸಹಜ. ಸಿಹಿಗೆ ಜೈಸಲ್ಮೇರಿನದೇ ಆದ 'ಘೋಟುವಾ' ಲಾಡು ಇದೆ.

ಬರದ ನಾಡಿನ ಹಾಡು

ಊಟದಲ್ಲಿ ಬಣ್ಣ ಕಡಿಮೆಯಾದರೂ ಉಡುಗೆಯಲ್ಲಿ, ಹಾಡಿನಲ್ಲಿ ಕೊರತೆಯಿಲ್ಲ. ಇಲ್ಲಿಯ ಮಾಂಗಣಿಯಾರ್ ಗಾಯಕರು ಮುಸ್ಲಿಮರು. ಅವರನ್ನು ತಲೆತಲಾಂತರದಿಂದ ಪೋಷಿಸಿದ ಯಜಮಾನರಲ್ಲಿ ಹೆಚ್ಚಿನವರು ಹಿಂದೂಗಳು. ಯಜಮಾನರ ಮನೆಯಲ್ಲಿ ಮಗು ಹುಟ್ಟಿದರೂ ಮದುವೆಯಾದರೂ ಹಾಡು ಇವರದೇ. ಕೃಷ್ಣನ ಪದವನ್ನೂ ಸೂಫಿ ಪದವನ್ನೂ ಒಂದೇ ಭಕ್ತಿಯಿಂದ ಹಾಡುತ್ತಾರೆ. ಕಮಾನಿನಿಂದ ನುಡಿಸುವ ತೊಗಲು ಹೊದಿಸಿದ 'ಕಮಾಯ್ಚಾ', ಬೆರಳ ನಡುವೆ ಮರದ ಚಪ್ಪಟೆ ತುಂಡುಗಳನ್ನು ಬಡಿಯುವ 'ಖಡತಾಲ್', ನಮ್ಮ ಮೋರ್ಸಿಂಗಿನ ನೆಂಟನಾದ 'ಮೋರ್‌ಚಂಗ್' ಇವರ ವಾದ್ಯಗಳು. ಹಮೀರಾ ಗ್ರಾಮದ ಕಮಾಯ್ಚಾ ವಾದಕ ಸಾಕರ್ ಖಾನರಿಗೆ 2012ರಲ್ಲಿ ಪದ್ಮಶ್ರೀ ಸಂದಿತು.

ನೀರು ಬಂತು, ಕುತ್ತೂ ಬಂತು

ಸಿಂಧ್, ಪರ್ಷಿಯಾಗಳ ಕಡೆಗೆ ಸಾಗುವ ಒಂಟೆಸಾಲುಗಳ ಸುಂಕದಿಂದ ಜೈಸಲ್ಮೇರ್ ಶ್ರೀಮಂತವಾಗಿತ್ತು. ಮುಂಬಯಿ ಬಂದರು ಬೆಳೆದಂತೆ ವ್ಯಾಪಾರ ಕಡಲಿಗೆ ಇಳಿಯಿತು. 1947ರಲ್ಲಿ ದೇಶ ಇಬ್ಭಾಗವಾಗಿ ಉಳಿದ ದಾರಿಯೂ ಮುಚ್ಚಿತು. ಗಡಿನಾಡಾದ್ದರಿಂದ ರಸ್ತೆ, ರೈಲು ಬಂದವು. 1971ರ ಡಿಸೆಂಬರಿನಲ್ಲಿ ಲೋಂಗೇವಾಲಾ ಕದನ ನಡೆದದ್ದು ಇದೇ ಜಿಲ್ಲೆಯಲ್ಲಿ. 1974ರಲ್ಲಿ ನಮ್ಮ ತುಮಕೂರು ಜಿಲ್ಲೆಯವರಾದ ಡಾ. ರಾಜಾ ರಾಮಣ್ಣನವರ ನೇತೃತ್ವದಲ್ಲಿ ಮೊದಲ ಅಣುಪರೀಕ್ಷೆ ನಡೆದ ಪೋಖ್ರಾನ್ ಇರುವುದೂ ಇಲ್ಲೇ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು ನೀರು. ಪಂಜಾಬಿನ ಹರಿಕೆಯಲ್ಲಿ, ಸಟ್ಲೆಜ್ ಬಿಯಾಸ್ ನದಿಗಳ ಸಂಗಮದಿಂದ ಹೊರಟ ಕಾಲುವೆಯ ಕೆಲಸ 1958ರಲ್ಲಿ ಆರಂಭವಾಯಿತು. ಸುಮಾರು 650 ಕಿ.ಮೀ. ಉದ್ದದ ಈ ಇಂದಿರಾಗಾಂಧಿ ಕಾಲುವೆಯ ನೀರು 1987ರಲ್ಲಿ ಜೈಸಲ್ಮೇರ್ ಜಿಲ್ಲೆಯ ಮೋಹನಗಢವನ್ನು ತಲುಪಿದಾಗ ಜನರಿಗೆ ಕಣ್ಣಾರೆ ಕಂಡರೂ ನಂಬಲಾಗಲಿಲ್ಲ. ಒಣಬಯಲು ಹಸಿರಾಯಿತು, ಹೆಣ್ಣುಮಕ್ಕಳ ತಲೆಯ ಮೇಲಿನ ಕೊಡ ಇಳಿಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಕಾಲುವೆಯ ಕೆಲವು ಭಾಗಗಳಲ್ಲಿ, ಹಿಂದೆ ಕೂಂಯಿಗಳಿಗೆ ವರವಾಗಿದ್ದಂಥ ಗಟ್ಟಿ ಪದರವೇ ಶಾಪವಾಯಿತು. ಧಾರಾಳವಾಗಿ ಹರಿಸಿದ ನೀರು ಇಂಗಲಾರದೆ ಹೊಲಗಳು ಜೌಗಾದವು.

ಕೋಟೆಯ ಮನೆಗಳಿಗೂ ನಲ್ಲಿ ಬಂತು. ಪ್ರವಾಸಿಗಳು ಹೆಚ್ಚಿದಂತೆ ಮನೆಗಳು ವಸತಿಗೃಹಗಳಾದವು. ಕೋಣೆಗೊಂದು ಸ್ನಾನದ ಮನೆ, ಶೌಚಾಲಯ. ಕೊಡದ ಲೆಕ್ಕದಲ್ಲಿ ಬಳಸುತ್ತಿದ್ದ ನೀರು ಈಗ ಹಲವು ಪಟ್ಟು ಹೆಚ್ಚು. ಮಳೆನೀರು ಹರಿದುಹೋಗಲೆಂದು ಹಿರಿಯರು ಮಾಡಿದ್ದ ಮೋರಿಗಳಿಗೆ ಇಷ್ಟು ನೀರನ್ನು ಹೊರುವ ಶಕ್ತಿಯೆಲ್ಲಿ? ಸೋರಿದ ನೀರೆಲ್ಲ ಬೆಟ್ಟದೊಳಕ್ಕೆ ಇಳಿಯಿತು.

ತ್ರಿಕೂಟ ಅಖಂಡ ಬಂಡೆಯ ಬೆಟ್ಟವಲ್ಲ. ಅದರಲ್ಲಿ ಮೆತ್ತನೆಯ ಮರಳುಗಲ್ಲಿದೆ, ಜೇಡಿಯ ಪದರಗಳಿವೆ. ಒಂದು ಒಣ ಜೇಡಿಮಣ್ಣಿನ ಹೆಂಟೆಯ ಮೇಲೆ ಇಟ್ಟಿಗೆಯಿಟ್ಟು ನೋಡಿ; ಅಲುಗದೆ ನಿಲ್ಲುತ್ತದೆ. ಹೆಂಟೆಯ ಬುಡಕ್ಕೆ ಹನಿಹನಿಯಾಗಿ ನೀರು ಬಿಡಿ. ಸ್ವಲ್ಪ ಹೊತ್ತಿನಲ್ಲೇ ಇಟ್ಟಿಗೆ ವಾಲುತ್ತದೆ. ಕೋಟೆಗೆ ಆಗುತ್ತಿರುವುದೂ ಇದೇ. ಬುರುಜುಗಳು ಬಿರುಕು ಬಿಟ್ಟವು, ಕೆಲವು ಕುಸಿದವು. 1996, 1998 ಹಾಗೂ 2000ದಲ್ಲಿ ವಿಶ್ವ ಸ್ಮಾರಕ ನಿಧಿ ತನ್ನ ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು. 2013ರಲ್ಲಿ ರಾಜಸ್ಥಾನದ ಇತರ ಐದು ಗಿರಿದುರ್ಗಗಳೊಂದಿಗೆ ಯುನೆಸ್ಕೋದ ವಿಶ್ವ ಪರಂಪರೆಯ ಗೌರವವೂ ದೊರೆಯಿತು. ಆದರೆ ಗೌರವದಿಂದ ಗೋಡೆ ಗಟ್ಟಿಯಾಗುವುದಿಲ್ಲ. 2024ರ ಆಗಸ್ಟ್‌ನಲ್ಲಿ ಜೋರು ಮಳೆ ಸುರಿದಾಗ ಹೊರಗೋಡೆಯ ಒಂದು ಭಾಗ ಮತ್ತೆ ಕುಸಿಯಿತು.

ಇದಕ್ಕೆ ಪರಿಹಾರ ಸುಲಭವಲ್ಲ. ಜನರನ್ನೆಲ್ಲ ಕೆಳಗಿಳಿಸಿದರೆ ಕೋಟೆ ಉಳಿಯಬಹುದು, ಊರು ಉಳಿಯದು. ಅಲ್ಲೇ ಹುಟ್ಟಿ ಬೆಳೆದವರು, ವಸತಿಗೃಹದ ಆದಾಯದಿಂದಲೇ ಮಕ್ಕಳನ್ನು ಓದಿಸುವವರು ಎಲ್ಲಿಗೆ ಹೋಗಬೇಕು? ನೀರನ್ನು ನಿಲ್ಲಿಸುವುದೂ ನ್ಯಾಯವಲ್ಲ. ಉಳಿದ ದಾರಿಯೆಂದರೆ ಸೋರದ ಕೊಳವೆ, ಸರಿಯಾದ ಚರಂಡಿ, ಕೋಟೆಯೊಳಗೆ ಹೊಸ ಕಟ್ಟಡಗಳಿಗೆ ತಡೆ, ಹಾಗೂ ನೀರನ್ನು ಅಳೆದು ಬಳಸುವ ಹಳೆಯ ರೂಢಿ. ಪ್ರವಾಸಿಗಳದೂ ಒಂದು ಪಾಲಿದೆ. ಹಗಲು ಕೋಟೆ ನೋಡಿ, ರಾತ್ರಿ ಕೆಳಗಿನ ಊರಿನಲ್ಲಿ ತಂಗಿದರೆ ಬೆಟ್ಟದ ಮೇಲೆ ಅಷ್ಟು ನೀರು ಕಡಿಮೆ ಚೆಲ್ಲುತ್ತದೆ.

ಅಕ್ಟೋಬರಿನಿಂದ ಮಾರ್ಚಿವರೆಗೆ ಜೈಸಲ್ಮೇರ್ ನೋಡಲು ಒಳ್ಳೆಯ ಕಾಲ. ಮಕ್ಕಳನ್ನು ಕರೆದೊಯ್ಯುವ ತಂದೆತಾಯಂದಿರು ಒಂಟೆಸವಾರಿಯ ಜೊತೆಗೆ ಆಕಲ್‌ನ ಕಲ್ಲುಮರವನ್ನೂ ಒಂದು ಖಡೀನನ್ನೂ ತೋರಿಸಲಿ. ಅಷ್ಟು ದೂರ ಹೋಗಲಾಗದವರು ಈ ಸಲದ ವಿಜಯದಶಮಿಗೆ ಬನ್ನಿ ಮರದ ಬಳಿ ನಿಂತಾಗ, ಇದೇ ಮರದ ಕಾಯಿಯನ್ನು ಒಣಗಿಸಿಟ್ಟುಕೊಂಡು ಬರಗಾಲ ಕಳೆಯುವ ಜನರ ಕಥೆಯನ್ನು ಮಕ್ಕಳಿಗೆ ಹೇಳಬಹುದು.